ಗೋಡೆಗೆ ಮುಖ ಮಾಡಿ ನಿಂತ ಸಂತ

ವಕೀಲಪ್ಪ ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ. ಅವನ ಕಸುಬು ಕೀ ಮಾಡುವುದು, ಬೀಗ ರಿಪೇರಿ ಮಾಡುವುದು. ಔಷಧಿ ಅಂಗಡಿಗೂ ಸೈಕಲ್ ಅಂಗಡಿಗೂ ನಡುವೆ, ಒಳಗೊಬ್ಬ ಕೂತರೆ ಇನ್ನೊಬ್ಬ ಹೊರಗೇ ನಿಲ್ಲಬೇಕು ಎನ್ನುವಷ್ಟು ಅಗಲದ ಜಾಗದಲ್ಲಿ ಅವನ ಅಂಗಡಿ. ಹಿಂದಿನ ಗೋಡೆಯ ತುಂಬ ಮೊಳೆಗಳಿಗೆ ನೇತುಹಾಕಿದ, ಇನ್ನೂ ಹಲ್ಲು ಮೂಡದ ಕೀಗಳು. ಮೇಜಿನ ಮೇಲೆ ಹಿಡಿ ಸವೆದ ಅರಗಳು, ಕೀ ಕೊರೆಯುವ ಮೆಷಿನ್ನು, ಸೀಮೆಎಣ್ಣೆಯ ಡಬ್ಬದಲ್ಲಿ ಮುಳುಗಿಸಿಟ್ಟ ತುಕ್ಕು ಬೀಗಗಳು. ಇಷ್ಟೇ ಅವನ ಆಸ್ತಿ. ಬಾಯೊಂದನ್ನು ಬಿಟ್ಟು.

ವಕೀಲಪ್ಪ ಎಂಬ ಹೆಸರನ್ನು ತಂದುಕೊಟ್ಟದ್ದು ಆ ಬಾಯಿಯೇ. ಕ್ಯಾಥೋಲಿಕ್ ಸಭೆಯ ಬಗ್ಗೆ, ಪೋಪರ ಬಗ್ಗೆ, ಸಂತರ ಬಗ್ಗೆ ಯಾರಾದರೂ ಒಂದು ಅಡ್ಡಮಾತು ಆಡಲಿ, ಇವನು ಕೈಯಲ್ಲಿದ್ದ ಅರವನ್ನು ಕೆಳಗಿಟ್ಟು ವಾದಕ್ಕೆ ನಿಂತನೆಂದೇ ಲೆಕ್ಕ. ಗಿರಾಕಿ ತಪ್ಪಿಸಿಕೊಂಡು ಓಡುವ ಹಾಗೂ ಇಲ್ಲ, ಯಾಕೆಂದರೆ ಅವನ ಕೀ ಅರ್ಧ ಕೊರೆದು ಮೆಷಿನ್ನಿನಲ್ಲಿ ಸಿಕ್ಕಿಕೊಂಡಿರುತ್ತಿತ್ತು. ವಾದ ಮುಗಿಯುವ ತನಕ ಉಳಿದರ್ಧ ಕೊರೆಯುವುದಿಲ್ಲ. ಬೀದಿಯವರಿಗೆ ಇದು ಗೊತ್ತಿದ್ದರಿಂದ, ಅವಸರ ಇದ್ದವರು ಅವನ ಅಂಗಡಿ ಮುಂದೆ ಧರ್ಮದ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಅವಸರ ಇಲ್ಲದವರು ಬೇಕೆಂದೇ ಕೆಣಕುತ್ತಿದ್ದರು.

"ಅಲ್ಲ ವಕೀಲಪ್ಪ, ಪಾಪ ಮಾಡಿದ್ರೆ ನೇರ ದೇವರಿಗೇ ಹೇಳ್ಕೋಬಹುದಲ್ಲ, ಮಧ್ಯದಲ್ಲಿ ಫಾದರ್ ಯಾಕೆ?" ಎಂದು ಒಮ್ಮೆ ಔಷಧಿ ಅಂಗಡಿಯವನು ಕೇಳಿದ.

"ದೇವರಿಗೆ ಹೇಳ್ಕೊಳ್ಳಿ, ಬೇಡ ಅಂದೋರು ಯಾರು? ಆದ್ರೆ ಹೋದ ತಿಂಗಳು ನೀವು ಬಚ್ಚಲುಮನೇಲಿ ಸಿಕ್ಕಿಹಾಕ್ಕೊಂಡ್ರಲ್ಲ, ಒಳಗಿಂದ ಎಷ್ಟು ಗುದ್ದಿದ್ರೂ ಬಾಗಿಲು ತೆಗೀತಾ? ಹೊರಗಿಂದ ನಾನು ಬಂದು ಚಿಲಕ ಬಿಚ್ಚಬೇಕಾಯ್ತು. ನಾನೇನು ದೇವರಾ? ಅಲ್ಲ. ಕಳಿಸಿದ್ರು, ಬಂದೆ, ತೆಗೆದೆ. ಫಾದರ್ ಕೆಲಸಾನೂ ಅಷ್ಟೇ."

ಬಚ್ಚಲುಮನೆಯ ಸಂಗತಿ ಅಲ್ಲಿಯ ತನಕ ಬೀದಿಗೆ ಗೊತ್ತಿರಲಿಲ್ಲ. ಔಷಧಿ ಅಂಗಡಿಯವನು ಒಂದು ವಾರ ಇವನ ಕಡೆ ತಿರುಗಿ ನೋಡಲಿಲ್ಲ.

ಸತ್ತವರಿಗಾಗಿ ಪ್ರಾರ್ಥಿಸುವುದು ಯಾಕೆ ಎಂದರೆ ಸೀಮೆಎಣ್ಣೆ ಡಬ್ಬ ತೋರಿಸುತ್ತಿದ್ದ. "ಇದು ಬೀಗಕ್ಕೆ ಶಿಕ್ಷೆ ಅಂದ್ಕೊಂಡ್ರಾ? ತುಕ್ಕು ಬಿಡ್ಲಿ ಅಂತ ನೆನೆಹಾಕಿದೀನಿ. ನಾಳೆ ಮತ್ತೆ ಬಾಗಿಲಿಗೇ ಹೋಗೋದು. ಸತ್ತೋರ ಆತ್ಮಾನೂ ಹೀಗೇ ಶುದ್ಧವಾಗಿ ಸ್ವರ್ಗಕ್ಕೆ ಹೋಗೋದು. ನಮ್ಮ ಪ್ರಾರ್ಥನೆ ಅಂದ್ರೆ ಹೀಗೆ ಒಂದ್ಸಲ ಅಲ್ಲಾಡಿಸೋದು." ಪೋಪರ ವಿಷಯ ಬಂದರಂತೂ ಅವನ ಕಸುಬಿನ ಗತ್ತೇ ಬೇರೆ. "ಊರಿಗೆ ಹೋಗೋವಾಗ ಪಕ್ಕದ ಮನೆಯೋರಿಗೆ ಕೀ ಕೊಟ್ಟು ಹೋಗ್ತೀರಿ. ಮನೆ ಬರ್ಕೊಟ್ಟು ಹೋಗ್ತೀರಾ? ಯೇಸುಸ್ವಾಮಿ ಮೊದಲನೇ ಪೋಪ್ ಪೇತ್ರರ ಕೈಗೆ ಕೀ ಕೊಟ್ರು ಅಂದ್ರೂ ಅಷ್ಟೇ. ನಾನು ಬರೋ ತನಕ ಮನೆ ನೋಡ್ಕೋ ಅಂತ." ಹೇಳಿ ಮುಗಿಸಿ ಮೀಸೆಯ ಮೇಲೆ ಕೈಯಾಡಿಸುತ್ತಿದ್ದ. ಗೆದ್ದ ದಿನ ಅವನಿಗೆ ಒಂದು ತುತ್ತು ಹೆಚ್ಚಿಗೆ ಸೇರುತ್ತಿತ್ತು ಎಂಬುದು ಹೆಂಡತಿಯ ಲೆಕ್ಕ. ಸೋತ ದಿನ ಇತ್ತೇ ಎಂದು ಕೇಳಬೇಡಿ. ಸೋತದ್ದು ಅವನ ಗಮನಕ್ಕೆ ಬಂದ ದಿನ ಇರಲಿಲ್ಲ.

ಇಂಥವನಿಗೆ ಮನೆಯಲ್ಲೇ ಒಬ್ಬ ಪ್ರತಿಸ್ಪರ್ಧಿ ಇದ್ದರು. ಸಂತ ಅಂತೋಣಿಯವರು. ಕಳೆದುಹೋದ ವಸ್ತು ಸಿಗಲಿ ಎಂದು ಕ್ಯಾಥೋಲಿಕರು ಮೊರೆ ಹೋಗುವುದು ಈ ಸಂತರನ್ನು. ಕೀ ಕಳೆದುಕೊಂಡು ಅಳುಮುಖ ಮಾಡಿ ಬಂದ ಗಿರಾಕಿಗೆ ವಕೀಲಪ್ಪ ಮೊದಲು ಕೊಡುತ್ತಿದ್ದ ಸಲಹೆಯೇ ಇದು: "ಒಂದ್ಸಲ ಅಂತೋಣಿಯವರನ್ನ ಕೇಳ್ಕೊಳ್ಳಿ, ಸಿಗದಿದ್ರೆ ಸಾಯಂಕಾಲ ಬನ್ನಿ." ಎಷ್ಟೋ ಜನ ಸಾಯಂಕಾಲ ಬರುತ್ತಲೇ ಇರಲಿಲ್ಲ. "ಅಂಗಡಿ ನಿಮ್ಮದಾ, ಅಂತೋಣಿಯವರದಾ?" ಎಂದು ಹೆಂಡತಿ ಗೊಣಗುತ್ತಿದ್ದಳು.

ಅಂತೋಣಿಯವರ ಪ್ರತಿಮೆ ಮನೆಯ ನಡುಕೋಣೆಯಲ್ಲಿ, ಮೂಲೆಯ ಹಲಗೆಯ ಮೇಲೆ ಇತ್ತು. ಕಂದು ನಿಲುವಂಗಿ, ತೋಳಲ್ಲಿ ಬಾಲಯೇಸು, ಕೈಯಲ್ಲಿ ತುದಿ ಮುರಿದ ಹೂವು. ಅದರ ಯಜಮಾನಿಕೆ ವಕೀಲಪ್ಪನ ತಾಯಿಯದು. ಮನೆಯವರೆಲ್ಲ ಆಕೆಯನ್ನು ಅಜ್ಜಿ ಎಂದೇ ಕರೆಯುತ್ತಿದ್ದರು. ಅಜ್ಜಿಗೂ ಅಂತೋಣಿಯವರಿಗೂ ಬಹಳ ಹಳೆಯ ಸಲಿಗೆ. ಕೇಳಿದ್ದು ಸಿಕ್ಕರೆ ಒಂದು ಮೇಣದಬತ್ತಿ. ಸಿಗದಿದ್ದರೆ ಪ್ರತಿಮೆಯನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದಳು, ಸಿಗುವ ತನಕ. ಫಾದರ್ ಒಮ್ಮೆ ನೋಡಿ, "ಇದೇನಜ್ಜಿ, ಹೀಗೆಲ್ಲ ಮಾಡಬಾರದು" ಎಂದು ಗದರಿದ್ದರು. ಅಜ್ಜಿ ತಲೆಯಾಡಿಸಿದ್ದಳು, ಬಿಟ್ಟಿರಲಿಲ್ಲ.

ಇಷ್ಟು ನಿಮಗೆ ಗೊತ್ತಿರಬೇಕು. ಇನ್ನು ಮಗಳ ವಿಷಯ.

ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ದಿನಾ ಹತ್ತುವ ಬಸ್ಸಿನ ಡ್ರೈವರ್ ಹುಡುಗನನ್ನು ಮೆಚ್ಚಿಕೊಂಡಳು. ಹುಡುಗ ಬಂಗಾರದಂಥವನು. ಬ್ರೇಕ್ ಹಾಕಿದರೆ ನಿಂತವರ ಕೈಯ ಲೋಟದ ನೀರೂ ತುಳುಕದು ಎಂದು ಅವಳೇ ಹೊಗಳುತ್ತಿದ್ದಳು. ಅವನಿಗೆ ತಾಯಿ ತೀರಿಕೊಂಡಿದ್ದರು, ಇದ್ದದ್ದು ತಂದೆ ಒಬ್ಬರೇ. ಆ ತಂದೆ ಮಾರುಕಟ್ಟೆಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದರು. ಅವರೂ ಕ್ರೈಸ್ತರೇ, ಆದರೆ ಕ್ಯಾಥೋಲಿಕರಲ್ಲ. ಅವರು ಹೋಗುವ ಪ್ರಾರ್ಥನಾ ಸಭೆಯಲ್ಲಿ ಸುಣ್ಣ ಬಳಿದ ಗೋಡೆ, ಒಂದು ಮೇಜು, ಮೇಜಿನ ಮೇಲೆ ಬೈಬಲ್. ಊರಿನ ಎಲ್ಲ ಮನೆಯ ಚಿತ್ರಗಳಿಗೂ ಕಟ್ಟು ಹಾಕುವ ಮನುಷ್ಯ ಭಾನುವಾರ ಮಾತ್ರ ಒಂದು ಮೊಳೆಯೂ ಇಲ್ಲದ ಗೋಡೆಯ ಮುಂದೆ ಕೂರುತ್ತಿದ್ದರು.

"ಅವರ ಮನೆ ನೋಡಿ ಬರ್ತೀನಿ. ಗೊಂಬೆಗೆ ಕೈಮುಗಿಯೋ ಮನೆಯಾದ್ರೆ ನಿನ್ನ ಮದುವೆಗೆ ಅಡ್ಡ ಬರೋಲ್ಲ, ಆದ್ರೆ ನಾನು ಬರೋದೂ ಇಲ್ಲ" ಎಂದು ಮಗನಿಗೆ ಅವರು ಹೇಳಿದ್ದರು. ಮಗಳೂ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು: "ಇರೋ ಒಬ್ಬ ಅಪ್ಪನೂ ಬರದೇ ಇದ್ರೆ ಅವನು ಹೇಗೆ ನಗ್ತಾ ನಿಂತ್ಕೋತಾನೆ? ನಂಗೆ ಅಂಥ ಮದುವೆ ಬೇಡ."

ಅವರು ಮನೆ ನೋಡಲು ಬರುವ ಭಾನುವಾರ ಬೆಳಿಗ್ಗೆ ಚರ್ಚಿನ ಬಲಿಪೂಜೆ ಮುಗಿಸಿ ಬಂದ ಕೂಡಲೇ ಹೆಂಡತಿ ವಕೀಲಪ್ಪನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದಳು.

"ರೀ, ಇವತ್ತು ನೀವು ವಾದ ಮಾಡೋ ಹಾಗಿಲ್ಲ. ಅವರು ಏನೇ ಅನ್ನಲಿ. ಬೀಗದ ಬಗ್ಗೆ ಎಷ್ಟು ಬೇಕಾದ್ರೂ ಮಾತಾಡಿ."

"ಅವರೇ ಕೇಳಿದ್ರೆ?"

"ಕೇಳಿದ್ರೂ ಬಾಯಿಗೆ ಬೀಗ."

ಮಗಳೂ ಬಾಗಿಲ ಸಂದಿಯಿಂದ ತಲೆ ಹಾಕಿದಳು. "ಅಪ್ಪ, ಒಂದು ದಿನ ಪೋಪ್ ತಮ್ಮನ್ನ ತಾವೇ ನೋಡ್ಕೋತಾರೆ. ಪ್ಲೀಸ್."

ಮಗಳ ಕಣ್ಣು ಕೆಂಪಾಗಿತ್ತು. ಹಿಂದಿನ ರಾತ್ರಿ ಅವಳು ನಿದ್ದೆ ಮಾಡಿರಲಿಲ್ಲ. ವಕೀಲಪ್ಪ ಅವಳ ತಲೆ ಮುಟ್ಟಿದ. ಆಣೆ ಮಾಡಿದ.

ಈ ಗಡಿಬಿಡಿಯಲ್ಲಿ ಅಜ್ಜಿಯ ಕಡೆ ಯಾರೂ ಗಮನ ಕೊಡಲಿಲ್ಲ. ಅಜ್ಜಿಯ ಹಲ್ಲಿನ ಸೆಟ್ಟು ಹಿಂದಿನ ಸಂಜೆಯಿಂದ ಕಾಣೆಯಾಗಿತ್ತು. ಜಪಸರ ಹಿಡಿದು ಕೂರುವಾಗ ಅವಳು ಸೆಟ್ಟು ತೆಗೆದಿಡುತ್ತಿದ್ದಳು. ಅದು ಬಾಯಲ್ಲಿದ್ದರೆ ಒಂದೊಂದು ನಮೋ ಮರಿಯೆ ಪ್ರಾರ್ಥನೆಗೂ ಟಕ್ ಟಕ್ ಎನ್ನುತ್ತದೆ, ದೇವಮಾತೆಯ ಮುಂದೆ ಅದೇನು ಚೆನ್ನ ಎಂಬುದು ಅವಳ ಲೆಕ್ಕಾಚಾರ. ತೆಗೆದು ಎಲ್ಲಿ ಇಟ್ಟೆನೆಂಬುದು ನೆನಪಿಲ್ಲ. ಮೊಮ್ಮಗಳ ಮಾವನಾಗುವವರ ಮುಂದೆ ಬೊಚ್ಚುಬಾಯಿ ಬಿಟ್ಟು ಕೂರುವುದೇ? ಹಾಸಿಗೆ ಕೊಡವಿದಳು, ಮಂಚದ ಕೆಳಗೆ ತಡಕಿದಳು, ಅಂತೋಣಿಯವರಿಗೆ ಮೂರು ಸಲ ಹೇಳಿ ನೋಡಿದಳು. ಕೊನೆಗೆ ಸಿಟ್ಟು ನೆತ್ತಿಗೇರಿತು.

ಹುಡುಗನ ತಂದೆ, ಕಟ್ಟಿನ ಅಂಗಡಿಯ ಯಜಮಾನರು, ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಗಾಜು ಕೊರೆದು ಕೊರೆದು ಗೀರು ಬಿದ್ದ ಬೆರಳುಗಳು, ನಗು ಯಾವತ್ತು ಬಂದು ಹೋಗಿತ್ತೋ ಎನ್ನಿಸುವ ಮುಖ. ಒಳಗೆ ಕಾಲಿಟ್ಟವರೇ ಗೋಡೆಯಲ್ಲಿದ್ದ ಯೇಸುವಿನ ಪವಿತ್ರ ಹೃದಯದ ಚಿತ್ರದ ಹತ್ತಿರ ಹೋಗಿ, ಕಟ್ಟಿನ ಮೂಲೆಯ ಮೇಲೆ ಹೆಬ್ಬೆರಳು ಎಳೆದರು.

"ಇದು ನಾನೇ ಹಾಕಿದ ಕಟ್ಟು. ಮೂಲೆ ಇನ್ನೂ ಬಿಟ್ಟಿಲ್ಲ" ಎಂದರು.

ಹೆಂಡತಿ ಅಡುಗೆಮನೆಯಲ್ಲೇ ಶಿಲುಬೆಯ ಗುರುತು ಹಾಕಿಕೊಂಡಳು. ಶುರು ಒಳ್ಳೆಯದಾಯಿತು. ಚಹಾ, ಬಿಸ್ಕತ್ತು ತಂದಿಟ್ಟು ಗಂಡನ ಪಕ್ಕ ಕೂತಳು.

"ನೀವು ಮರಿಯಮ್ಮನವರ ಹತ್ತಿರ ಬೇಡ್ಕೋತೀರಂತೆ. ದೇವರು ನೇರ ಕೇಳಿಸ್ಕೊಳ್ಳಲ್ವಾ?" ಯಜಮಾನರು ಚಹಾ ಆರಿಸಿಕೊಳ್ಳುತ್ತ ಕೇಳಿದರು. ಜಗಳದ ದನಿಯಲ್ಲ, ತಿಳಿದುಕೊಳ್ಳುವ ದನಿ.

ವಕೀಲಪ್ಪನ ಗಂಟಲಲ್ಲಿ ಉತ್ತರ ತುದಿಗಾಲಲ್ಲಿ ನಿಂತಿತ್ತು. ಅಪ್ಪನ ಹತ್ತಿರ ಕೇಳಬೇಕಾದ್ದಕ್ಕೆ ಅಮ್ಮನಿಂದ ಒಂದು ಮಾತು ಹೇಳಿಸದ ಮಕ್ಕಳು ಯಾವ ಮನೆಯಲ್ಲಿದ್ದಾರೆ? ಮೇಜಿನ ಕೆಳಗೆ ಹೆಂಡತಿ ಅವನ ಕಾಲು ತುಳಿದಳು.

"ಅದು... ನಿಮ್ಮ ಅಂಗಡಿ ಶಟರಿಗೆ ಎಂಥ ಬೀಗ ಹಾಕಿದೀರಿ?" ಎಂದ ವಕೀಲಪ್ಪ.

ಯಜಮಾನರು ಅವನನ್ನು ವಿಚಿತ್ರವಾಗಿ ನೋಡಿದರು. ಬೀಗದ ಬಗ್ಗೆ ಹೇಳಿದರು. ಮತ್ತೆ ಚರ್ಚಿನಲ್ಲಿ ಕೊಡುವ ಪರಮಪ್ರಸಾದದ ಬಗ್ಗೆ ಕೇಳಿದರು. ವಕೀಲಪ್ಪ ಮಳೆಗಾಲದಲ್ಲಿ ಬೀಗ ಬಿಗಿಯಾಗುವುದರ ಬಗ್ಗೆ ಹೇಳಿದ. ಮೂವತ್ತು ವರ್ಷ ಕರೆಯದೆಯೇ ಬಂದ ಮಾತುಗಳನ್ನು ಇವತ್ತು ಒಂದೊಂದಾಗಿ ನುಂಗುವುದೆಂದರೆ ಹುಡುಗಾಟವೇ? ಪಕ್ಕದಲ್ಲಿ ಕೂತ ಮಗಳು ಬಿಸ್ಕತ್ತಿನ ತಟ್ಟೆಯನ್ನು ಅತ್ತಿತ್ತ ಸರಿಸುತ್ತಿದ್ದಳು.

ಆಗ ಯಜಮಾನರ ಕಣ್ಣು ಮೂಲೆಗೆ ಹೋಯಿತು.

ಹಲಗೆಯ ಮೇಲೆ ಸಂತ ಅಂತೋಣಿಯವರು ಕೋಣೆಗೆ ಬೆನ್ನು ಮಾಡಿ, ಬೋಳು ನೆತ್ತಿ ತೋರಿಸಿಕೊಂಡು, ಪಾಠ ಬರದ ಹುಡುಗನ ಹಾಗೆ ಗೋಡೆ ನೋಡುತ್ತ ನಿಂತಿದ್ದರು. ವಕೀಲಪ್ಪನೂ ಅದನ್ನು ಆಗಲೇ ನೋಡಿದ್ದು.

"ಅದ್ಯಾಕೆ ಹಾಗೆ ತಿರುಗಿಸಿಟ್ಟಿದೀರಿ?"

ಒಳಕೋಣೆಯ ಬಾಗಿಲಲ್ಲಿ ಅಜ್ಜಿಯ ದನಿ ಕೇಳಿಸಿತು. ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಿಂತಿದ್ದಳು.

"ನಾನೇ ತಿರುಗಿಸಿದ್ದು. ನನ್ನ ಹಲ್ಲಿನ ಸೆಟ್ಟು ಹುಡುಕಿ ಕೊಡೋ ತನಕ ಹಾಗೇ ಇರ್ಲಿ."

ಯಜಮಾನರು ಚಹಾದ ಲೋಟ ಕೆಳಗಿಟ್ಟರು. "ಪ್ರತಿಮೆ ಬರೀ ನೆನಪಿಗೆ, ಮನೆಯವರ ಫೋಟೋ ಇದ್ದ ಹಾಗೆ ಅಂತ ನಿಮ್ಮೋರು ಹೇಳ್ತಾರೆ ಅಂತ ಕೇಳಿದೀನಿ. ಒಪ್ತೀನಿ ಅಂತಾನೇ ಇಟ್ಕೊಳ್ಳಿ. ಆದ್ರೆ ನೆನಪಿಗೆ ಇಟ್ಟದ್ದಕ್ಕೆ ಯಾರಾದ್ರೂ ಶಿಕ್ಷೆ ಕೊಡ್ತಾರಾ? ಹೇಳಿ ನೋಡೋಣ."

ನ್ಯಾಯವಾದ ಪ್ರಶ್ನೆ. ಹೆಂಡತಿ ಕಾಲು ತುಳಿಯುವುದನ್ನು ಬಿಟ್ಟು ಗಂಡನ ಮುಖ ನೋಡಿದಳು. ಮಗಳೂ ನೋಡಿದಳು. ಈಗ ಬೇಕಾದರೆ ಮಾತಾಡು ಎನ್ನುವ ಹಾಗಿತ್ತು ಇಬ್ಬರ ನೋಟ. ವಕೀಲಪ್ಪ ಬಾಯಿ ತೆರೆದ. ತಡಕಿದ. ಪೇತ್ರರ ಕೀ ಇದಕ್ಕೆ ಹೊಂದುವುದಿಲ್ಲ, ಸೀಮೆಎಣ್ಣೆ ಡಬ್ಬವೂ ಹೊಂದುವುದಿಲ್ಲ, ಬಚ್ಚಲುಮನೆಯಂತೂ ದೂರವೇ ಉಳಿಯಿತು.

"ಯಜಮಾನ್ರೇ, ನನ್ನ ಹತ್ತಿರ ಉತ್ತರ ಇಲ್ಲ" ಎಂದ. "ಇದು ಸರಿ ಅಂತ ನಮ್ಮ ಫಾದರೂ ಹೇಳಲ್ಲ. ಬೈದಿದಾರೆ. ನಮ್ಮಮ್ಮ ಕೇಳಲ್ಲ."

ಇಷ್ಟು ಹೇಳುವಾಗ ಅವನಿಗೆ ಅಳು ಬಂದಂತಾಯಿತು. ಹೋಗಿಹೋಗಿ ಮಗಳ ಬದುಕಿನ ಪ್ರಶ್ನೆ ಬಂದಾಗಲೇ ವಕೀಲ ಕೈಚೆಲ್ಲಿದ್ದ.

ಅಜ್ಜಿ ಮಾತ್ರ ನಿಧಾನವಾಗಿ ಬಂದು ಯಜಮಾನರ ಎದುರು ಕೂತಳು. ಕೈ ಬಾಯಿಂದ ಸರಿದದ್ದು ಅವಳ ಗಮನಕ್ಕೇ ಬರಲಿಲ್ಲ.

"ಶಿಕ್ಷೆ ಅಲ್ಲಪ್ಪ, ಮುನಿಸು" ಎಂದಳು. "ಗೊಂಬೆ ಮೇಲೆ ಯಾರು ಮುನಿಸ್ಕೋತಾರೆ? ಗೊತ್ತಿಲ್ಲದೋರ ಮೇಲೆ ಮುನಿಸ್ಕೋತಾರಾ? ಅಂತೋಣಪ್ಪ ಮೇಲೆ ದೇವರ ಹತ್ತಿರ ಇದಾನೆ. ಅಲ್ಲಿಗೆ ನನ್ನ ಕೈ ಎಟಕಲ್ಲ. ಎಟಕೋದು ಇಷ್ಟೇ. ಅದಕ್ಕೇ ಇದನ್ನ ತಿರುಗಿಸ್ತೀನಿ. ನನ್ನ ಗಂಡನ ಜೊತೆಗೂ ಹೀಗೇ. ಹೋಗಿ ಎಷ್ಟೋ ಕಾಲ ಆಯ್ತು. ದಿನಾ ಸಾಯಂಕಾಲ ಅವರ ಆತ್ಮಕ್ಕೆ ಒಂದು ಪ್ರಾರ್ಥನೆ ಹೇಳ್ತೀನಿ, ಆಮೇಲೆ ಚೆನ್ನಾಗಿ ಬೈತೀನಿ. ಸತ್ತು ಮಣ್ಣಾದ್ರು ಅಂತ ಅಂದ್ಕೊಂಡಿದ್ರೆ ಯಾಕೆ ಬೈತಿದ್ದೆ? ಬದುಕಿದಾರೆ ಅಂತ ತಾನೇ ಜಗಳ?"

ಯಜಮಾನರು ಬೆರಳಿನ ಗೀರುಗಳನ್ನು ನೋಡಿಕೊಳ್ಳುತ್ತ ಕೂತರು. ಅವರು ಎದ್ದು ಹೋಗುತ್ತಾರೆ ಎಂದೇ ವಕೀಲಪ್ಪ ಅಂದುಕೊಂಡ.

"ನನ್ನ ಹೆಂಡತಿ ಫೋಟೋ" ಎಂದರು ಕೊನೆಗೆ. "ಅಂಗಡೀಲಿದ್ದ ಅತಿ ಒಳ್ಳೆ ಮರ ಆರಿಸಿ ಕಟ್ಟು ಹಾಕಿದೆ. ಒಂದು ತಿಂಗಳು ನೋಡಿದೆ. ಆಮೇಲೆ ಗೋಡೆ ಕಡೆ ತಿರುಗಿಸ್ಬಿಟ್ಟೆ. ಮಗ ಕೇಳಿದ್ರೆ ಕೊಕ್ಕೆ ಸಡಿಲ ಆಗಿದೆ ಅಂತ ಹೇಳ್ತೀನಿ."

"ಯಾಕೆ ತಿರುಗಿಸಿದ್ರಿ?" ಅಜ್ಜಿ ಕೇಳಿದಳು.

"ಕಾಯಿಲೆ ಇರೋದು ಅವಳಿಗೆ ಮೊದಲೇ ಗೊತ್ತಿತ್ತು. ನಂಗೆ ಹೇಳ್ಲಿಲ್ಲ. ಕೈ ಮೀರಿದ ಮೇಲೆ ಹೇಳಿದ್ಲು." ಅವರು ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದರು. "ನಮ್ಮ ಸಭೇಲಿ ಹೋದೋರ ಜೊತೆ ಮಾತಾಡೋ ಪದ್ಧತಿ ಇಲ್ಲ. ಅವರು ದೇವರ ಹತ್ತಿರ ಸುಖವಾಗಿದಾರೆ, ನಾವು ದೇವರನ್ನ ನಂಬ್ಕೊಂಡಿರ್ಬೇಕು, ಅಷ್ಟೇ. ಅದನ್ನೇ ನಂಬಿದೀನಿ. ಒಂದು ಮಾತೂ ಆಡಿಲ್ಲ ನಾನು ಅವಳ ಹತ್ತಿರ."

"ಕೋಪಕ್ಕೆ ತಾನೇ ತಿರುಗಿಸಿದ್ದು?"

"ಹೂಂ. ಕೋಪಕ್ಕೆ."

"ಹಾಗಾದ್ರೆ ಮಾತಾಡಿದೀರಿ ಬಿಡಿ" ಎಂದಳು ಅಜ್ಜಿ.

ಆ ಗಟ್ಟಿ ಮನುಷ್ಯನ ಕಣ್ಣಲ್ಲಿ ನೀರು ಬಂತು. ವಕೀಲಪ್ಪನಿಗೂ ಬಂತು. ಮಗಳು ಎದ್ದು ಬಂದು, ಇನ್ನೂ ಮಾವನಾಗದ ಆ ಮನುಷ್ಯರ ಪಕ್ಕದಲ್ಲಿ ಸುಮ್ಮನೆ ಕೂತಳು. ಅವರು ಅವಳ ತಲೆಯ ಮೇಲೆ ಒಮ್ಮೆ ಕೈಯಿಟ್ಟರು.

ಸ್ವಲ್ಪ ಹೊತ್ತಾದ ಮೇಲೆ ಯಜಮಾನರು ಎದ್ದು ಮೂಲೆಗೆ ಹೋದರು. "ಇವರನ್ನ ಈ ಕಡೆ ತಿರುಗಿಸ್ಲಾ? ಕೈಮುಗಿಯಲ್ಲ ನಾನು, ಮೊದಲೇ ಹೇಳ್ತೀನಿ. ಯಾರನ್ನಾದ್ರೂ ಹೀಗೆ ನಿಲ್ಲಿಸೋದು ನೋಡೋಕಾಗ್ತಿಲ್ಲ."

"ಹಲ್ಲು ಸಿಕ್ಕಿಲ್ವಲ್ಲ" ಎಂದು ಅಜ್ಜಿ ರಾಗ ಎಳೆದಳು. ಆದರೂ ತಲೆಯಾಡಿಸಿದಳು.

ಗಾಜಿನ ಕೆಲಸದ ಕೈ. ಒಂದು ಕೈಯಲ್ಲಿ ಬುಡ, ಇನ್ನೊಂದರಲ್ಲಿ ಬೆನ್ನು ಹಿಡಿದು ಪ್ರತಿಮೆಯನ್ನು ಮೇಲೆತ್ತಿದರು. ಎತ್ತಿದವರು ಹಾಗೇ ನಿಂತರು. ಹಲಗೆಗೆ ಹಾಸಿದ್ದ ಬಿಳಿ ಬಟ್ಟೆಯ ಮೇಲೆ, ಗೋಡೆಗೆ ಒತ್ತಿಕೊಂಡು, ಬಿಳಿ ಕರವಸ್ತ್ರದ ಒಂದು ಗಂಟು ಇತ್ತು. ಯಜಮಾನರು ಎರಡು ಬೆರಳಲ್ಲಿ ಬಿಡಿಸಿದರು. ಒಳಗೆ ಅಜ್ಜಿಯ ಹಲ್ಲಿನ ಸೆಟ್ಟು.

ಜಪಸರಕ್ಕೆ ಕೂರುವ ಮುಂಚೆ ಜೋಪಾನವಾಗಿರಲೆಂದು ಅಂತೋಣಿಯವರ ಬೆನ್ನ ಹಿಂದೆ ಇಟ್ಟವಳು ಅಜ್ಜಿಯೇ. ಮಂದಗಣ್ಣು, ಮೇಲೆ ಸಿಟ್ಟು. ಬೆಳಗಿಂದ ಆ ಸಂತರು ನೇರ ಅದನ್ನೇ ನೋಡುತ್ತ ನಿಂತಿದ್ದರು.

ಮೊದಲು ನಕ್ಕದ್ದು ಯಾರೆಂದು ಆಮೇಲೆ ಆ ಮನೆಯಲ್ಲಿ ಬಹಳ ಚರ್ಚೆಯಾಯಿತು. ಹೆಂಡತಿ ತಾನೆಂದಳು. ಆದರೆ ವಕೀಲಪ್ಪನಿಗೆ ಚೆನ್ನಾಗಿ ನೆನಪಿದೆ, ನಕ್ಕದ್ದು ಕಟ್ಟಿನ ಯಜಮಾನರು. ಅಂತೋಣಿಯವರನ್ನು ಎದೆಗೆ ಒತ್ತಿ ಹಿಡಿದು, ಎಲ್ಲಿ ಕೈಜಾರುತ್ತಾರೋ ಎಂದು ಹೆದರಿಕೊಂಡೇ, ಬಿದ್ದು ಬಿದ್ದು ನಕ್ಕರು.

"ಇದನ್ನ ಪವಾಡ ಅಂತ ಮಾತ್ರ ಹೇಳ್ಬೇಡಿ" ಎಂದರು ಕಣ್ಣೊರೆಸಿಕೊಂಡು.

ವಕೀಲಪ್ಪ ಹೆಂಡತಿಯ ಕಡೆ ನೋಡಿದ. ನಾಲಗೆ ತುರಿಸುತ್ತಿತ್ತು. "ಹೇಳಲ್ಲ" ಎಂದ. "ನಿಮ್ಮ ಶಟರಿನ ಬೀಗಕ್ಕೆ ಸ್ವಲ್ಪ ಎಣ್ಣೆ ಬಿಡಿ."

ಹೊರಡುವಾಗ ಯಜಮಾನರು ಹೊಸ್ತಿಲಲ್ಲಿ ನಿಂತು ಹೇಳಿದರು: "ನೋಡಿ, ನಾನು ನಿಮ್ಮ ಕಡೆ ಸೇರಲ್ಲ. ಮೊಣಕಾಲೂರಲ್ಲ. ನನ್ನ ಪ್ರಶ್ನೆಗಳೆಲ್ಲ ಹಾಗೇ ಇವೆ, ಒಂದು ದಿನ ಅಂಗಡಿಗೆ ಬಂದು ಕೇಳ್ತೀನಿ. ಆದ್ರೆ ಮದುವೆಗೆ ಬರ್ತೀನಿ."

ಮಗಳು ಅಜ್ಜಿಯನ್ನು ಅಪ್ಪಿಕೊಂಡಳು. ಅಜ್ಜಿ ಆಗಲೇ ಸೆಟ್ಟು ಹಾಕಿಕೊಂಡು ಅಂತೋಣಿಯವರಿಗೆ ಬತ್ತಿ ಹಚ್ಚುತ್ತಿದ್ದಳು. ಕ್ಷಮಾಪಣೆ ಕೇಳಿದಳೋ ಇಲ್ಲವೋ ಗೊತ್ತಿಲ್ಲ. ಬೈಗುಳವಂತೂ ಕೇಳಿಸಿತು.

ಅವರು ಹೇಳಿದಂತೆ ಅಂಗಡಿಗೂ ಬಂದರು, ಒಂದಲ್ಲ, ಅನೇಕ ಸಂಜೆ. ವಕೀಲಪ್ಪ ತನ್ನ ಕೀ, ಡಬ್ಬ ಎಲ್ಲವನ್ನೂ ಹೊರತೆಗೆದ. ಅವರು ಬೈಬಲಿನ ವಾಕ್ಯಗಳನ್ನು ತೆಗೆದರು. ಯಾರೂ ಗೆಲ್ಲಲಿಲ್ಲ. ವಿಚಿತ್ರವೆಂದರೆ ಆ ಸಂಜೆಗಳಲ್ಲೂ ವಕೀಲಪ್ಪನಿಗೆ ಒಂದು ತುತ್ತು ಹೆಚ್ಚಿಗೇ ಸೇರುತ್ತಿತ್ತು.

ಮದುವೆಯ ದಿನ ವಕೀಲಪ್ಪ ಮಗಳ ಕೈ ಹಿಡಿದು ಚರ್ಚಿನ ಬಾಗಿಲಲ್ಲಿ ನಿಂತಿದ್ದ. ಮುಂದೆ ಹುಡುಗ ಕುತ್ತಿಗೆ ಉದ್ದ ಮಾಡಿ ಕಾಯುತ್ತಿದ್ದ. ಮೊದಲ ಬೆಂಚಿನಲ್ಲಿ ತಂದೆಯ ಜಾಗ ಖಾಲಿ. ಮಗಳ ಬೆರಳು ತಣ್ಣಗಾಗಿದ್ದು ವಕೀಲಪ್ಪನಿಗೆ ತಿಳಿಯಿತು. ಅಷ್ಟರಲ್ಲಿ ಯಜಮಾನರು ಪಕ್ಕದ ಬಾಗಿಲಿನಿಂದ ಅವಸರವಾಗಿ ಬಂದರು. ಕಂಕುಳಲ್ಲಿ ಕಂದು ಕಾಗದ ಸುತ್ತಿ ದಾರ ಕಟ್ಟಿದ ಅಗಲವಾದ ಒಂದು ವಸ್ತು. ಉಡುಗೊರೆ ಇರಬೇಕು ಎಂದುಕೊಂಡ ವಕೀಲಪ್ಪ. ಯಜಮಾನರು ಬೆಂಚಿನಲ್ಲಿ ಕೂತು, ದಾರ ಬಿಚ್ಚಿ, ಕಾಗದ ಮಡಿಸಿ ಜೇಬಿಗೆ ಹಾಕಿ, ಅದನ್ನು ತಮ್ಮ ಪಕ್ಕದಲ್ಲಿ ಬೆಂಚಿನ ಬೆನ್ನಿಗೆ ಒರಗಿಸಿ ನಿಲ್ಲಿಸಿದರು. ಮುಖ ಮುಂದಕ್ಕೆ, ಮಗನ ಕಡೆಗೆ.

ಮುಂದೆ ನಿಂತ ಹುಡುಗ ತಾಯಿಯನ್ನು ನೋಡಿದ. ನೋಡಿ, ಅಳುತ್ತಲೇ ನಗತೊಡಗಿದ.

"ಇದೇನು ವಕೀಲಪ್ಪ, ಚರ್ಚಲ್ಲಿ ಫೋಟೋ?" ಬಾಗಿಲ ಬಳಿಯ ಕೊನೆಯ ಬೆಂಚಿನಿಂದ ಔಷಧಿ ಅಂಗಡಿಯವನು ಪಿಸುಗುಟ್ಟಿದ. ವಕೀಲಪ್ಪನ ಹತ್ತಿರ ಉತ್ತರ ಇತ್ತು, ಒಳ್ಳೆಯ ಉತ್ತರ. ಹೇಳಲಿಲ್ಲ. ಮಗಳ ಕೈಯನ್ನು ಬಿಗಿಯಾಗಿ ಹಿಡಿದು ನಡೆಯತೊಡಗಿದ.

ಅಜ್ಜಿ ತನ್ನ ಜಾಗದಿಂದೆದ್ದು ಆ ಬೆಂಚಿಗೆ ಹೋಗಿ, ಫೋಟೋದ ಈಚೆಗೆ ಸ್ವಲ್ಪ ಜಾಗ ಬಿಟ್ಟು ಕೂತದ್ದನ್ನು ಅವನು ನಡೆಯುತ್ತಲೇ ಕಂಡ. ಹತ್ತಿರ ಬಂದಾಗ ಅವಳ ಮಾತೂ ಕೇಳಿಸಿತು, ಹಲ್ಲಿನ ಟಕ್ ಟಕ್ ಸಮೇತ.

"ಬನ್ನಿ ಬೀಗಿತ್ತಿ, ಆರಾಮಾಗಿ ಕೂತ್ಕೊಳ್ಳಿ. ನಿಮ್ಮ ಯಜಮಾನ್ರಿಗೆ ತುಂಬ ಕೋಪ ಬಂದಿತ್ತು. ಈಗ ಪರವಾಗಿಲ್ಲ."